ಸೋತ ಓಟು ಎಲ್ಲಿಗೆ ಹೋಗುತ್ತೆ?

2023ರ ಮೇ 13, ಶನಿವಾರ. ವಿಧಾನಸಭೆ ಚುನಾವಣೆಯ ಫಲಿತಾಂಶದ ದಿನ. ಮಧ್ಯಾಹ್ನದ ಹೊತ್ತಿಗೆಲ್ಲ ಯಾರ ಸರ್ಕಾರ ಅನ್ನೋದು ಗೊತ್ತಾಗಿತ್ತು. ಆದ್ರೆ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಮಾತ್ರ ಎಣಿಕೆ, ಮರು ಎಣಿಕೆ, ಗಲಾಟೆ ಅಂತ ರಾತ್ರಿ ತಡವಾಗುವವರೆಗೂ ನಡೀತಾನೇ ಇತ್ತು. ಕೊನೆಗೆ ಗೆಲುವಿನ ಅಂತರ ಎಷ್ಟು ಗೊತ್ತಾ? 16 ಓಟು.

ನಮ್ಮ ಟೀಮಿನ ಹುಡುಗನೊಬ್ಬ ಅದೇ ಕ್ಷೇತ್ರದವನು. ಓಟಿನ ದಿನ ಬುಧವಾರ ಬಂದಿತ್ತಲ್ಲ, ಗುರುವಾರ ಶುಕ್ರವಾರ ಎರಡು ದಿನ ರಜೆ ಹಾಕಿದ್ರೆ ಒಟ್ಟು ಐದು ದಿನ ಸಿಗುತ್ತೆ ಅಂತ ಲೆಕ್ಕ ಹಾಕಿ ಸಕಲೇಶಪುರದ ಹೋಮ್‌ಸ್ಟೇಗೆ ಹೋಗಿದ್ದ. ಸೋಮವಾರ ಆಫೀಸಿಗೆ ಬಂದಾಗ ಮುಖ ಸಪ್ಪಗಿತ್ತು. "ನನ್ನೊಬ್ಬನ ಓಟಿನಿಂದ ಏನಾಗ್ತಿತ್ತು ಬಿಡಿ" ಅಂದ. ನಿಜ, ಅವನೊಬ್ಬನಿಂದ ಏನೂ ಆಗ್ತಿರಲಿಲ್ಲ. ಆದ್ರೆ ಅವರ ಅಪಾರ್ಟ್‌ಮೆಂಟಿನಲ್ಲಿ ಆ ವಾರ ಊರು ಬಿಟ್ಟು ಹೋದವರೇ ಹದಿನಾರಕ್ಕಿಂತ ಜಾಸ್ತಿ ಇದ್ರಂತೆ.

ಫಲಿತಾಂಶದ ರಾತ್ರಿಯೇ ಅಪ್ಪನ ಫೋನೂ ಬಂದಿತ್ತು. ಅಪ್ಪ ಇರೋದು ತಿಪಟೂರು ಹತ್ತಿರದ ಹಳ್ಳಿಯಲ್ಲಿ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು 2015ರಲ್ಲಿ ರಿಟೈರ್ ಆದರು. 1977ರಲ್ಲಿ ಮೊದಲ ಸಲ ಓಟು ಹಾಕಿದವರು ಇವತ್ತಿನವರೆಗೆ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ. ಹಾಕೋದು ಒಂದು ಸಣ್ಣ ಪಕ್ಷಕ್ಕೆ. ಆ ಪಕ್ಷದವರು ನಿಂತಿಲ್ಲ ಅಂದ್ರೆ ಅದೇ ಬಗೆಯ ಮಾತಾಡೋ ಪಕ್ಷೇತರರಿಗೆ. ಪಕ್ಷದ ಹೆಸರು ಇಲ್ಲಿ ಬೇಡ.

"ಈ ಸಲಾನೂ ಠೇವಣಿ ಹೋಯ್ತು ಕಣೇ" ಅಂತ ನಕ್ಕರು. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ರೆ ಠೇವಣಿ ಮುಟ್ಟುಗೋಲು. ಅಪ್ಪ ಹಾಕಿದ ಓಟು ನಲವತ್ತಾರು ವರ್ಷದಲ್ಲಿ ಒಂದು ಸಲಾನೂ ಯಾರನ್ನೂ ಗೆಲ್ಲಿಸಿಲ್ಲ. ಗೆಲ್ಲೋದಿರಲಿ, ಎರಡನೇ ಸ್ಥಾನಕ್ಕೂ ತಂದಿಲ್ಲ.

ಫೋನಿಟ್ಟ ಮೇಲೆ ನನಗೆ ಒಂಥರಾ ಕಸಿವಿಸಿ. ಒಬ್ಬ ಓಟನ್ನೇ ಹಾಕಲಿಲ್ಲ, ಅವನ ಓಟಿಗೆ ಆ ದಿನ ಚಿನ್ನದ ಬೆಲೆ ಇತ್ತು. ಇನ್ನೊಬ್ಬರು ತಪ್ಪದೆ ಹಾಕ್ತಾರೆ, ಅವರ ಓಟಿಗೆ ಇವತ್ತಿನವರೆಗೂ ಚಿಲ್ಲರೆ ಬೆಲೆಯೂ ಬಂದಿಲ್ಲ. ಪ್ರತಿ ಓಟಿಗೂ ಒಂದೇ ಬೆಲೆ ಅಂತ ನಾವು ಶಾಲೆಯಲ್ಲಿ ಓದಿದ್ದು ಇದನ್ನೇನಾ?

ಇಂಥ ಪ್ರಶ್ನೆ ಕೇಳಿದ್ರೆ ಅಪ್ಪ ಭಾಷಣ ಮಾಡಲ್ಲ, ಪೆನ್ನು ತಗೋತಾರೆ. ಮುಂದಿನ ಸಲ ಊರಿಗೆ ಹೋದಾಗ ಹಳೇ ಕ್ಯಾಲೆಂಡರಿನ ಹಿಂದುಗಡೆ ಬರೆದಿಟ್ಟ ಲೆಕ್ಕ ತೋರಿಸಿದರು. ನೀವೂ ನೋಡಿ.

2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 38 ಓಟು, ಬಿಜೆಪಿಗೆ 36, ಜೆಡಿಎಸ್ಸಿಗೆ 18. ಸೀಟು ಮಾತ್ರ ಬಿಜೆಪಿಗೆ 104, ಮುಂದಕ್ಕೆ ಹೋಗಿದ್ದ ಎರಡು ಕ್ಷೇತ್ರಗಳೂ ಸೇರಿ ಕಾಂಗ್ರೆಸ್ಸಿಗೆ 80, ಜೆಡಿಎಸ್ಸಿಗೆ 37. ಹೆಚ್ಚು ಓಟು ತಗೊಂಡವರಿಗೆ ಕಡಿಮೆ ಸೀಟು. 2008ರಲ್ಲೂ ಹೀಗೇ ಆಗಿತ್ತು, ಒಟ್ಟು ಓಟಿನಲ್ಲಿ ಕಾಂಗ್ರೆಸ್ ಚೂರು ಮುಂದಿತ್ತು, ಆದ್ರೆ 110 ಸೀಟು ಗೆದ್ದಿದ್ದು ಬಿಜೆಪಿ.

"ಅಯ್ಯೋ ಅನ್ಯಾಯ" ಅಂತ ಒಂದು ಕಡೆಯವರು ಹೇಳೋಕೆ ಮುಂಚೆ 2023 ನೋಡಿ. ಬಿಜೆಪಿಗೆ ಮತ್ತೆ ಅದೇ 36. ಐದು ವರ್ಷದಲ್ಲಿ ಅವರ ಪಾಲು ಹೆಚ್ಚುಕಮ್ಮಿ ಅಲ್ಲಾಡಲೇ ಇಲ್ಲ. ಆದ್ರೆ ಸೀಟು 104ರಿಂದ 66ಕ್ಕೆ ಬಿತ್ತು. ಕಾಂಗ್ರೆಸ್ಸಿಗೆ ಸುಮಾರು 43 ಪಾಲು ಓಟು ಬಂತು, ಸೀಟು 135. ಓಟಿನ ಪಾಲಿಗೆ ಸರಿಯಾಗಿ ಸೀಟು ಹಂಚಿದ್ರೆ ಬಿಜೆಪಿಗೆ ಎರಡೂ ಸಲ 81ರ ಆಸುಪಾಸು ಬರ್ತಿತ್ತು. ಕಾಂಗ್ರೆಸ್ಸಿಗೆ 2018ರಲ್ಲಿ 85, 2023ರಲ್ಲಿ 96. ಬಹುಮತಕ್ಕೆ ಬೇಕಾದ 113 ಎರಡು ಸಲವೂ ಯಾರಿಗೂ ಇಲ್ಲ.

ದೇಶದ ಲೆಕ್ಕ ಇನ್ನೂ ವಿಚಿತ್ರ. 2014ರ ಲೋಕಸಭೆ ಚುನಾವಣೆಯಲ್ಲಿ ಬಿಎಸ್‌ಪಿಗೆ ಎರಡು ಕೋಟಿಗೂ ಹೆಚ್ಚು ಜನ ಓಟು ಹಾಕಿದರು. ಓಟಿನ ಲೆಕ್ಕದಲ್ಲಿ ದೇಶದ ಮೂರನೇ ದೊಡ್ಡ ಪಕ್ಷ. ಸೀಟು ಸೊನ್ನೆ. ಅದಕ್ಕಿಂತ ಕಡಿಮೆ ಓಟು ತಗೊಂಡ ಅಣ್ಣಾಡಿಎಂಕೆಗೆ 37 ಸೀಟು. ಕಾರಣ ಸರಳ. ಇವರ ಓಟೆಲ್ಲ ಒಂದೇ ರಾಜ್ಯದಲ್ಲಿ ಗುಡ್ಡೆ ಬಿದ್ದಿತ್ತು, ಅವರ ಓಟು ಊರೂರಿಗೆ ಚೆಲ್ಲಿಹೋಗಿತ್ತು. ನಮ್ಮ ಪದ್ಧತಿಯಲ್ಲಿ ಎಷ್ಟು ಜನ ನಿಮ್ಮ ಜೊತೆ ಇದ್ದಾರೆ ಅನ್ನೋದಕ್ಕಿಂತ ಅವರೆಲ್ಲ ಎಲ್ಲಿ ಮನೆ ಮಾಡಿದ್ದಾರೆ ಅನ್ನೋದು ಮುಖ್ಯ.

ಇದಕ್ಕೆ ಪರಿಹಾರ ಅಂತ ಹೇಳೋದೇ ಪ್ರಮಾಣಾನುಗುಣ ಪ್ರಾತಿನಿಧ್ಯ. ಹೆಸರು ಭಾರ, ವಿಷಯ ಹಗುರ: ನೂರಕ್ಕೆ ಇಪ್ಪತ್ತು ಓಟು ಬಂದ್ರೆ ನೂರಕ್ಕೆ ಸುಮಾರು ಇಪ್ಪತ್ತು ಸೀಟು. ಇದನ್ನ ಮಾಡೋಕೆ ಬೇರೆ ಬೇರೆ ದಾರಿ ಇವೆ. ಇಸ್ರೇಲಿನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ, ಜನ ಪಕ್ಷಕ್ಕೆ ಓಟು ಹಾಕ್ತಾರೆ, ಪಕ್ಷದ ಪಟ್ಟಿಯಿಂದ ಸದಸ್ಯರು ಬರ್ತಾರೆ. ಜರ್ಮನಿಯಲ್ಲಿ ಕೈಗೆ ಎರಡು ಓಟು, ಒಂದು ನಮ್ಮ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ನೇಪಾಳದ ಸಂಸತ್ತಿನ 275 ಸೀಟಿನಲ್ಲಿ 165 ನಮ್ಮ ಥರ, ಉಳಿದ 110 ಓಟಿನ ಪಾಲಿನ ಪ್ರಕಾರ.

ಇನ್ನೊಂದು ದಾರಿ ನಮ್ಮಲ್ಲೇ ಇದೆ. ರಾಜ್ಯಸಭೆಗೆ ಶಾಸಕರು ಓಟು ಹಾಕುವಾಗ 1, 2, 3 ಅಂತ ಪ್ರಾಶಸ್ತ್ಯ ಬರೀತಾರೆ. ಅದಕ್ಕೇ ಅಲ್ವಾ ವಿರೋಧ ಪಕ್ಷಕ್ಕೂ ಒಂದೋ ಎರಡೋ ಸೀಟು ಸಿಗೋದು? ನಮ್ಮ ಶಾಸಕರು ತಮ್ಮತಮ್ಮಲ್ಲಿ ಸೀಟು ಹಂಚಿಕೊಳ್ಳುವಾಗ ಪಾಲಿನ ನ್ಯಾಯ, ನಾವು ಅವರನ್ನ ಆರಿಸುವಾಗ ಮಾತ್ರ ಗೆದ್ದವನಿಗೇ ಎಲ್ಲ. ಈ ತಮಾಷೆಯನ್ನ ಮೊದಲು ತೋರಿಸಿಕೊಟ್ಟಿದ್ದೂ ಅಪ್ಪನೇ.

ಇಷ್ಟು ತಿಳ್ಕೊಂಡ ಮೇಲೆ ನಾನು ಪಕ್ಕಾ ಕಟ್ಟಾಳು ಆಗಿಬಿಟ್ಟೆ. ಆಫೀಸಿನ ಕ್ಯಾಂಟೀನಿನಲ್ಲಿ ಯಾರಾದ್ರೂ ರಾಜಕೀಯ ತೆಗೆದ್ರೆ ಸಾಕು, 36, 104, 66 ಅಂತ ಶುರು ಮಾಡ್ತಿದ್ದೆ. ನನ್ನ ವಾದಕ್ಕೆ ಮೊದಲ ಪೆಟ್ಟು ಕೊಟ್ಟಿದ್ದು ನಮ್ಮ ಮ್ಯಾನೇಜರು. ಚಪಾತಿ ಮುರೀತಾ ಕೇಳಿದರು: "ಎಲ್ಲ ಸರಿ. ನಿಮ್ಮನೆ ಮುಂದಿನ ರಾಜಕಾಲುವೆ ಉಕ್ಕಿದ್ರೆ ಯಾರಿಗೆ ಫೋನ್ ಮಾಡ್ತೀರಾ? ಪಟ್ಟಿಯಲ್ಲಿ 47ನೇ ನಂಬರಿನವರಿಗಾ?"

ಒಳ್ಳೆ ಪ್ರಶ್ನೆ. ಕ್ಷೇತ್ರಕ್ಕೊಬ್ಬ ಎಂಎಲ್‌ಎ ಇದ್ದಾಗ ಆತ ಎಂಥವನೇ ಆಗಿರಲಿ, ಐದು ವರ್ಷಕ್ಕೊಮ್ಮೆ ಕೈಮುಗಿದು ಬರಲೇಬೇಕು, ನಾವು ಬೈಯಬಹುದು, ಸೋಲಿಸಬಹುದು. ಪಕ್ಷದ ಪಟ್ಟಿಯಿಂದ ಬಂದವನಿಗೆ ನಮ್ಮ ಹಂಗೇ ಇಲ್ಲ. ಅವನ ದೇವರು ಪಟ್ಟಿ ಬರೆಯೋ ಹೈಕಮಾಂಡು. ಟಿಕೆಟ್ ಹಂಚಿಕೆ ಅಂದ್ರೆ ಏನು ಅಂತ ನೋಡಿರೋ ನಾವು, ಇಡೀ ಪಟ್ಟಿಯನ್ನೇ ದೆಹಲಿಯ ಒಂದು ಕೋಣೆಗೆ ಒಪ್ಪಿಸಿಬಿಟ್ರೆ ಏನಾಗುತ್ತೆ ಅಂತ ಊಹಿಸೋದು ಕಷ್ಟ ಅಲ್ಲ.

ಎರಡನೇ ಪೆಟ್ಟು, ಸ್ಥಿರ ಸರ್ಕಾರದ್ದು. ಇಸ್ರೇಲಿನಲ್ಲಿ 2019ರಿಂದ 2022ರ ಒಳಗೆ ಐದು ಚುನಾವಣೆ ಆದವು. ಬೆಲ್ಜಿಯಂನಲ್ಲಿ 2010ರ ಚುನಾವಣೆ ಆದಮೇಲೆ ಸರ್ಕಾರ ರಚನೆಯಾಗೋಕೆ 541 ದಿನ ಹಿಡೀತು. ನಮ್ಮ ಸಂವಿಧಾನ ಸಭೆಯಲ್ಲೂ ಈ ಚರ್ಚೆ ನಡೆದಿತ್ತು. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಲೋಕಸಭೆಗೆ ಪ್ರಮಾಣಾನುಗುಣ ಪದ್ಧತಿ ಬೇಕು ಅಂತ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಮುಖ್ಯವಾಗಿ ಎರಡು. ಈ ಪದ್ಧತಿಗೆ ಓದುಬರಹ ಬಲ್ಲ ಮತದಾರರು ಬೇಕು, ನಮ್ಮಲ್ಲಿ ಅಷ್ಟು ಜನ ಇಲ್ಲ. ಜೊತೆಗೆ, ಶಾಸನಸಭೆ ಸಣ್ಣ ಸಣ್ಣ ಗುಂಪುಗಳಾಗಿ ಒಡೆದುಹೋದ್ರೆ ಸರ್ಕಾರ ನಿಲ್ಲೋದಿಲ್ಲ.

ಮೊದಲ ಕಾರಣ ಈಗ ಹಳೇದಾಗಿದೆ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ 18ರಷ್ಟಿತ್ತು, 2011ರ ಹೊತ್ತಿಗೆ 74 ಆಯ್ತು. ಅದೂ ಅಲ್ಲದೆ ಪಕ್ಷದ ಚಿಹ್ನೆ ನೋಡಿ ಓಟು ಹಾಕೋ ಪಟ್ಟಿ ಪದ್ಧತಿಗೆ ಅಕ್ಷರವೇ ಬೇಕಿಲ್ಲ. 1994ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜೀವನದಲ್ಲಿ ಮೊದಲ ಸಲ ಓಟು ಹಾಕಿದ ಕೋಟ್ಯಂತರ ಜನ ಹಾಗೇ ಹಾಕಿದರು.

ಎರಡನೇ ಕಾರಣ ಇನ್ನೂ ಗಟ್ಟಿಯಾಗಿಯೇ ಇದೆ. ಆದ್ರೆ ಕನ್ನಡಿಗರಿಗೆ ಅದನ್ನ ಹೇಳುವಾಗ ಸ್ವಲ್ಪ ನಗು ಬರುತ್ತೆ. ಈಗಿನ ಪದ್ಧತಿಯಲ್ಲೇ ಅಲ್ವಾ 2018ರ ಮೇನಲ್ಲಿ ಯಡಿಯೂರಪ್ಪನವರ ಸರ್ಕಾರ ಮೂರು ದಿನಕ್ಕೇ ಬಿದ್ದಿದ್ದು? 37 ಸೀಟಿನ ಪಕ್ಷದ ಕುಮಾರಸ್ವಾಮಿಯವರು ಮುಖ್ಯಮಂತ್ರಿ ಆಗಿದ್ದು? ಹದಿನಾಲ್ಕು ತಿಂಗಳಾದ ಮೇಲೆ ಶಾಸಕರೆಲ್ಲ ಮುಂಬೈ ಹೋಟೆಲ್ಲು, ರೆಸಾರ್ಟು ಅಂತ ಓಡಾಡಿ, 2019ರ ಜುಲೈನಲ್ಲಿ 99ಕ್ಕೆ 105ರಂತೆ ಆ ಸರ್ಕಾರವೂ ಬಿದ್ದಿದ್ದು? ಹಾಗಂತ ಪಾಲಿನ ಪದ್ಧತಿಯಲ್ಲಿ ಇದೆಲ್ಲ ಕಡಿಮೆ ಆಗುತ್ತೆ ಅಂತ ನಾನು ಹೇಳಲ್ಲ. ಎರಡೂ ಸಲ ಅತಂತ್ರ ಆಗ್ತಿತ್ತು ಅಂತ ಅಪ್ಪನ ಲೆಕ್ಕವೇ ಹೇಳುತ್ತಲ್ಲ. ರೆಸಾರ್ಟುಗಳಿಗೆ ಬುಕಿಂಗ್ ಜಾಸ್ತಿಯೇ ಆಗಬಹುದು.

ಹೀಗೆ ವಾದ ಪ್ರತಿವಾದ ಸಮ ಸಮ ಆಗಿ ನಾನು ತಣ್ಣಗಾಗಿದ್ದೆ. ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಸಂಗತಿ ನಡೀತು. ಅದಾದ ಮೇಲೆ ನನಗೆ ಈ ವಿಷಯ ಬೇರೆ ಥರ ಕಾಣೋಕೆ ಶುರುವಾಯ್ತು. ಅದನ್ನ ಹೇಳೋಕೆ ನನಗೆ ಸ್ವಲ್ಪ ನಾಚಿಕೆ, ಯಾಕಂದ್ರೆ ಅದರಲ್ಲಿ ನಾನು ಗೆದ್ದವರ ಕಡೆಯವಳು.

ನಮ್ಮಲ್ಲಿ ಎರಡು ಬ್ಲಾಕು, 180 ಮನೆ. ಎ ಬ್ಲಾಕಿನಲ್ಲಿ 104, ಬಿ ಬ್ಲಾಕಿನಲ್ಲಿ 76. ಅಸೋಸಿಯೇಷನ್ ಕಮಿಟಿಗೆ ಒಂಬತ್ತು ಜನ. ನಮ್ಮ ಬ್ಲಾಕಿನವರು ಒಂಬತ್ತು ಜನರ ಒಂದು ಪ್ಯಾನೆಲ್ ಮಾಡಿದರು, ಬಿ ಬ್ಲಾಕಿನವರೂ ಒಂದು ಮಾಡಿದರು. ಎಲ್ಲರಿಗೂ ಒಂಬತ್ತೊಂಬತ್ತು ಓಟು. ನಮ್ಮವರೆಲ್ಲ ನಮ್ಮ ಪ್ಯಾನೆಲ್ಲಿಗೇ ಹಾಕಿದ್ವಿ. ಒಂಬತ್ತಕ್ಕೆ ಒಂಬತ್ತೂ ನಮಗೇ ಬಂತು. ಯಾರೂ ಮೋಸ ಮಾಡಲಿಲ್ಲ, ಬೈಲಾ ಪ್ರಕಾರವೇ ಆಯ್ತು. ನಾನೂ ಕಮಿಟಿಯಲ್ಲಿದ್ದೆ.

ಮುಂದಿನ ವರ್ಷ, 2024ರ ಬೇಸಿಗೆ. ಬೆಂಗಳೂರಿನ ನೀರಿನ ಕಥೆ ನಿಮಗೆಲ್ಲ ನೆನಪಿರಬಹುದು. ನಮ್ಮ ಬೋರ್‌ವೆಲ್ ಬತ್ತಿತು, ಟ್ಯಾಂಕರೇ ಗತಿ. ಕಮಿಟಿ ರಾತ್ರಿ ಕೂತು ಪಟಪಟ ಅಂತ ತೀರ್ಮಾನ ಮಾಡಿತು: ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು ನೀರು. ಸಂಪಿನಿಂದ ಮೊದಲು ಎ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿಗೆ, ಅದು ತುಂಬಿದ ಮೇಲೆ ಬಿ ಬ್ಲಾಕಿಗೆ. ಸಂಪು ನಮ್ಮ ಕಡೆ ಇದೆ, ಪಂಪು ನಮ್ಮ ಕಡೆ ಇದೆ, ಹಾಗಾಗಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಇಪ್ಪತ್ತು ನಿಮಿಷದ ಮೀಟಿಂಗು. ಎಷ್ಟು ಚೆನ್ನಾಗಿ ಕೆಲಸ ಆಗ್ತಿದೆ ಅಂತ ನಮಗೇ ಹೆಮ್ಮೆ.

ಬಿ ಬ್ಲಾಕಿನ ಮೇಲಿನ ಎರಡು ಮಹಡಿಗೆ ಮೂರು ದಿನ ನೀರೇ ಹೋಗಿರಲಿಲ್ಲ. ಅದು ನಮಗೆ ಗೊತ್ತಾಗಿದ್ದು ನಾಲ್ಕನೇ ದಿನ, ಅದೂ ಎರಡೂ ಬ್ಲಾಕಿನಲ್ಲಿ ಕೆಲಸ ಮಾಡೋ ಮನೆಗೆಲಸದ ಅಕ್ಕ ನನ್ನ ಹತ್ತಿರ ಹೇಳಿದಾಗ. "ಆ ಕಡೆ ಅಜ್ಜಿ ಒಬ್ರೇ ಇರೋ ಮನೇಲಿ ಪಾತ್ರೆ ಹಂಗೇ ಬಿದ್ದವೆ ಮೇಡಂ, ನಾನೇ ಎರಡು ಬಕೆಟ್ ಕೆಳಗಿಂದ ಹೊತ್ಕೊಂಡು ಹೋಗಿ ಕೊಟ್ಟೆ" ಅಂದಳು. ಅವತ್ತು ಸಂಜೆಯೇ ಬಿ ಬ್ಲಾಕಿಗೆ ಹೋದೆ. ಚುನಾವಣೆಯಲ್ಲಿ ಸೋತಿದ್ದ ಅಲ್ಲಿನ ಅಂಕಲ್ ಒಬ್ಬರು ಬಾಗಿಲಲ್ಲಿ ನಿಂತೇ ಮಾತಾಡಿದರು. ಕೂಗಾಡಲಿಲ್ಲ. "ನಿಮ್ಮನ್ನ ಬೈಯೋದಕ್ಕೂ ನಮ್ಮವರು ಒಬ್ಬರಿಲ್ಲಮ್ಮ ಒಳಗೆ" ಅಂದರು, ಅಷ್ಟೇ.

ಆ ಮಾತು ನನ್ನನ್ನ ಬಹಳ ದಿನ ಬಿಡಲಿಲ್ಲ. ಯಾಕಂದ್ರೆ ನಾವ್ಯಾರೂ ಕೆಟ್ಟವರಾಗಿರಲಿಲ್ಲ. ಬಿ ಬ್ಲಾಕಿಗೆ ನೀರು ಕೊಡಬಾರದು ಅಂತ ಯಾರೂ ಅಂದುಕೊಂಡಿರಲಿಲ್ಲ. ನಮಗೆ ಅವರ ನೆನಪೇ ಬಂದಿರಲಿಲ್ಲ. ಅವರು ಒಪ್ಪದೇ ಹೋದ್ರೂ ನಮ್ಮ ಕೆಲಸ ನಡೀತಿತ್ತು, ಹಾಗಾಗಿ ಅವರನ್ನ ನೆನಪಿಟ್ಟುಕೊಳ್ಳೋ ಅಗತ್ಯ ನಮಗೆ ಬೀಳಲಿಲ್ಲ. 76 ಮನೆ ಸೋತಿದ್ದು ಒಂದು ಚುನಾವಣೆಯಲ್ಲಿ. ಆದ್ರೆ ಆಮೇಲಿನ ಪ್ರತಿ ಮೀಟಿಂಗಿನಲ್ಲೂ ಅವರು ಮತ್ತೆ ಮತ್ತೆ ಸೋಲ್ತಾನೇ ಇದ್ದರು, ಅವರಿಗೇ ಗೊತ್ತಿಲ್ಲದ ಹಾಗೆ.

ಅಲ್ಲಿಯವರೆಗೆ ನಾನು ಎರಡು ಬೇರೆ ವಿಷಯಗಳನ್ನ ಒಂದೇ ಅಂದುಕೊಂಡಿದ್ದೆ. ಒಂದು ತೀರ್ಮಾನ, ಇನ್ನೊಂದು ಪ್ರಾತಿನಿಧ್ಯ. ಟೀಮಿನ ಹತ್ತು ಜನ ಊಟಕ್ಕೆ ಹೋಗುವಾಗ ಆರು ಜನ ಬಿರಿಯಾನಿ, ನಾಲ್ಕು ಜನ ದೋಸೆ ಅಂದ್ರೆ ಒಂದೇ ಹೋಟೆಲ್ಲಿಗೆ ಹೋಗಬೇಕು, ಆರರ ಮಾತೇ ನಡೀಬೇಕು. ಅದು ತೀರ್ಮಾನ, ಅದನ್ನ ಪಾಲು ಮಾಡೋಕಾಗಲ್ಲ. ಆದ್ರೆ ತೀರ್ಮಾನ ಮಾಡೋಕೆ ಯಾರ್ಯಾರು ಕೂರಬೇಕು ಅನ್ನೋದನ್ನ ಪಾಲು ಮಾಡಬಹುದು. ಜಾನ್ ಸ್ಟುವರ್ಟ್ ಮಿಲ್ 1861ರಲ್ಲೇ ಪ್ರಾತಿನಿಧ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಈ ವ್ಯತ್ಯಾಸವನ್ನ ಬಿಡಿಸಿ ಹೇಳಿದ್ದ. ಕಡಿಮೆ ಜನ ಇರೋರು ಸೋಲಲಿ, ತಪ್ಪಿಲ್ಲ. ಆದ್ರೆ ಸೋಲಬೇಕಾದ್ದು ಒಳಗೆ ಕೂತು ಮಾತಾಡಿದ ಮೇಲೆ. ಬಾಗಿಲ ಹೊರಗೆ ನಿಂತಲ್ಲ.

ಈಗಿನ ಪದ್ಧತಿ ನಮ್ಮ ಮನಸ್ಸಿಗೆ ಮಾಡೋ ಇನ್ನೊಂದು ಕೆಲಸವೂ ಆಗಲೇ ನನಗೆ ಹೊಳೆದಿದ್ದು. "ಗೆಲ್ಲೋರಿಗೆ ಹಾಕಿ, ಓಟು ಹಾಳು ಮಾಡ್ಕೋಬೇಡಿ" ಅನ್ನೋ ಮಾತು ನೀವೂ ಕೇಳಿರ್ತೀರಿ, ಹೇಳಿಯೂ ಇರ್ತೀರಿ. ನಾನೂ 2023ರಲ್ಲಿ ಹಾಗೇ ಮಾಡಿದೆ. ನನಗೆ ನಿಜವಾಗಿ ಇಷ್ಟವಾದ ಅಭ್ಯರ್ಥಿ ಗೆಲ್ಲಲ್ಲ ಅಂತ ಗೊತ್ತಿತ್ತು, ಅದಕ್ಕೆ ಇನ್ನೊಬ್ಬರು ಬರದಿರಲಿ ಅಂತ ಮೂರನೆಯವರಿಗೆ ಒತ್ತಿ ಬಂದೆ. ಅಂದ್ರೆ ಐದು ವರ್ಷಕ್ಕೊಮ್ಮೆ ಸರ್ಕಾರ ನನ್ನ ಮನಸ್ಸಿನ ಮಾತು ಕೇಳುವಾಗ ನಾನು ಸುಳ್ಳು ಹೇಳಿದೆ. ನಮ್ಮಂಥವರು ಲಕ್ಷಾಂತರ ಜನ ಹೀಗೆ ಸುಳ್ಳು ಹೇಳಿದ ಮೇಲೆ "ಜನಾದೇಶ" ಅಂತ ಟಿವಿಯಲ್ಲಿ ಬರುತ್ತೆ.

ಅಪಾರ್ಟ್‌ಮೆಂಟಿನ ಕಥೆ ಅಲ್ಲಿಗೇ ಮುಗೀಲಿಲ್ಲ. ಜನರಲ್ ಬಾಡಿಯಲ್ಲಿ ಗಲಾಟೆ ಆಗಿ ಬೈಲಾ ಬದಲಾಯಿಸಿದ್ವಿ. ಈಗ ಕಮಿಟಿಯಲ್ಲಿ ಎ ಬ್ಲಾಕಿನ ಐವರು, ಬಿ ಬ್ಲಾಕಿನ ನಾಲ್ವರು. ಎಲ್ಲ ಸರಿಹೋಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಇಪ್ಪತ್ತು ನಿಮಿಷದ ಮೀಟಿಂಗು ರಾತ್ರಿ ಹನ್ನೊಂದರವರೆಗೆ ಎಳೆಯುತ್ತೆ. ಪಾರ್ಕಿಂಗಿಗೆ ಬಣ್ಣ ಬಳಿಯೋ ವಿಷಯ ಆರು ತಿಂಗಳಿಂದ ಹಾಗೇ ಇದೆ. ನಮ್ಮ ಐವರಲ್ಲೇ ಒಬ್ಬರು ಮುನಿಸಿಕೊಂಡು ಆ ನಾಲ್ವರ ಜೊತೆ ಸೇರ್ತೀನಿ ಅಂತ ಹೆದರಿಸಿ ತಮ್ಮ ಕಡೆಯವರಿಗೆ ಹೌಸ್‌ಕೀಪಿಂಗ್ ಕಾಂಟ್ರಾಕ್ಟ್ ಕೊಡಿಸೋಕೆ ನೋಡಿದರು. ಸಣ್ಣ ಪಕ್ಷಗಳ ಬ್ಲ್ಯಾಕ್‌ಮೇಲ್ ಅಂತಾರಲ್ಲ, ಅದರ ಪಾಕೆಟ್ ಎಡಿಷನ್ನು. ಇಷ್ಟೆಲ್ಲ ಆದ್ರೂ ಬಿ ಬ್ಲಾಕಿನ ಮೇಲಿನ ಮಹಡಿಗೆ ನೀರು ಹತ್ತದಿದ್ರೆ ಈಗ ಹತ್ತು ನಿಮಿಷದಲ್ಲಿ ನಮಗೆ ಗೊತ್ತಾಗುತ್ತೆ.

ಹನ್ನೊಂದು ಗಂಟೆಯ ಮೀಟಿಂಗು ಬೇಕಾ, ಗೊತ್ತೇ ಆಗದ ಮೂರು ದಿನ ಬೇಕಾ ಅಂತ ಕೇಳಿದ್ರೆ ನಾನು ಮೀಟಿಂಗನ್ನೇ ಆರಿಸ್ಕೋತೀನಿ. ಆಕಳಿಸ್ತಾ ಆರಿಸ್ಕೋತೀನಿ, ಆದ್ರೂ ಅದನ್ನೇ.

ಹಾಗಾದ್ರೆ ದೇಶಕ್ಕೆ ಏನು ಮಾಡಬೇಕು? ಇಡೀ ಪದ್ಧತಿಯನ್ನ ಕಿತ್ತು ಇಸ್ರೇಲಿನ ಪಟ್ಟಿ ತರಬೇಕು ಅಂತ ನಾನು ಹೇಳಲ್ಲ. ನಮ್ಮ ಮ್ಯಾನೇಜರ ರಾಜಕಾಲುವೆ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರ ಇಲ್ಲ. ಕ್ಷೇತ್ರದ ಎಂಎಲ್‌ಎ, ಎಂಪಿ ಇರಲಿ, ಅವರ ಜೊತೆಗೆ ಒಂದಷ್ಟು ಸೀಟು ಓಟಿನ ಪಾಲಿನ ಪ್ರಕಾರ ಹಂಚೋಣ ಅನ್ನೋ ನಡುದಾರಿ ನನಗೆ ಹಿಡಿಸುತ್ತೆ. ಇದೇನು ನನ್ನ ತಲೆಯಿಂದ ಬಂದಿದ್ದಲ್ಲ. 1999ರಲ್ಲೇ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಲೋಕಸಭೆಯ ಸೀಟುಗಳನ್ನ ಕಾಲು ಭಾಗ ಹೆಚ್ಚಿಸಿ, ಆ ಹೆಚ್ಚುವರಿ ಸೀಟುಗಳನ್ನ ಪಟ್ಟಿ ಪದ್ಧತಿಯಲ್ಲಿ ತುಂಬೋ ಸಲಹೆ ಇಟ್ಟಿತ್ತು. 2015ರ 255ನೇ ವರದಿಯಲ್ಲಿ ಮತ್ತೆ ಮಿಶ್ರ ಪದ್ಧತಿಯ ಮಾತು ಬಂತು. ತೀರಾ ಚೂರುಪಾರು ಪಕ್ಷಗಳು ಹುಟ್ಟದಂತೆ ಜರ್ಮನಿಯ ಹಾಗೆ ನೂರಕ್ಕೆ ಐದರ ಗೆರೆಯನ್ನೂ ಎಳೀಬಹುದು. ಆ ಗೆರೆಯೂ ನಿರ್ದಯಿಯೇ. 2025ರಲ್ಲಿ ಅಲ್ಲಿ ಒಂದು ಹೊಸ ಪಕ್ಷ 4.98ಕ್ಕೆ ಬಂದು ನಿಂತು, ಹತ್ತು ಸಾವಿರಕ್ಕೂ ಕಡಿಮೆ ಓಟಿನಿಂದ ಹೊರಗುಳೀತು. ಎಲ್ಲಿ ಗೆರೆ ಎಳೆದ್ರೂ ಅದರ ಆಚೆ ಯಾರೋ ನಿಂತಿರ್ತಾರೆ.

ವರದಿಗಳು ಕಪಾಟಿನಲ್ಲೇ ಉಳಿದಿದ್ದು ಯಾಕೆ ಅಂತ ಬೇರೆ ಹೇಳಬೇಕಾ? ನಿಯಮ ಬದಲಾಯಿಸೋ ಅಧಿಕಾರ ಇರೋದು ಆ ನಿಯಮದಿಂದಲೇ ಗೆದ್ದವರ ಕೈಯಲ್ಲಿ. ಕೆನಡಾದಲ್ಲಿ ಜಸ್ಟಿನ್ ಟ್ರುಡೊ ಇದೇ ಹಳೇ ಪದ್ಧತಿಯ ಕೊನೇ ಚುನಾವಣೆ ಅಂತ ಮಾತು ಕೊಟ್ಟು 2015ರಲ್ಲಿ ಗೆದ್ದರು, 2017ರ ಫೆಬ್ರವರಿಯಲ್ಲಿ ಕೈಬಿಟ್ಟರು. ಬದಲಾಯಿಸಿದವರೂ ಇದ್ದಾರೆ. ನ್ಯೂಜಿಲೆಂಡಿನಲ್ಲಿ 1978, 1981 ಎರಡೂ ಸಲ ಹೆಚ್ಚು ಓಟು ತಗೊಂಡ ಲೇಬರ್ ಪಕ್ಷ ಸೋತಿತು. 1981ರಲ್ಲಿ ನೂರಕ್ಕೆ 20 ಓಟು ತಗೊಂಡ ಇನ್ನೊಂದು ಪಕ್ಷಕ್ಕೆ ಸಿಕ್ಕಿದ್ದು ಎರಡೇ ಸೀಟು. ಜನರ ಅಸಮಾಧಾನ ಬೆಳೀತಾ ಹೋಗಿ 1993ರಲ್ಲಿ ಜನಮತಗಣನೆಯಲ್ಲಿ ಅವರು ಜರ್ಮನಿಯ ಥರದ ಪದ್ಧತಿ ಆರಿಸಿಕೊಂಡರು. 1996ರ ಮೊದಲ ಚುನಾವಣೆಯಲ್ಲಿ ಸರ್ಕಾರ ರಚನೆಗೆ ಎರಡು ತಿಂಗಳು ಚೌಕಾಸಿ ನಡೀತು, ಜನ ರೇಗಿದರು. ಆದ್ರೆ 2011ರಲ್ಲಿ ಮತ್ತೆ ಕೇಳಿದಾಗ ಅದೇ ಇರಲಿ ಅಂದರು.

ಅಲ್ಲಿ ಬದಲಾಗಿದ್ದು ಜನ ಬಿಡದೆ ಕೇಳಿದ್ದರಿಂದ. ನಾವು ಹಾಗೆ ಕೇಳ್ತೀವಾ ಅನ್ನೋದೇ ನನ್ನ ಅನುಮಾನ, ಮತ್ತು ಆ ಅನುಮಾನ ನನ್ನ ಮೇಲೇ ಜಾಸ್ತಿ. 2018, 2023 ಎರಡರಲ್ಲಿ ಒಂದು ಸಲ ನಾನು ಈ ಪದ್ಧತಿಯೇ ಅನ್ಯಾಯ ಅಂತ ಸ್ಟೇಟಸ್ ಹಾಕಿದ್ದೆ. ಇನ್ನೊಂದು ಸಲ ಸುಮ್ಮನಿದ್ದೆ. ಯಾವಾಗ ಯಾವುದು ಅಂತ ಹೇಳಲ್ಲ, ಹೇಳಿದ್ರೆ ನೀವು ನನ್ನ ಪಕ್ಷ ಕಂಡುಹಿಡಿದುಬಿಡ್ತೀರಿ. ಆದ್ರೆ ನೀವೂ ನಿಮ್ಮ ಹಳೇ ಪೋಸ್ಟುಗಳನ್ನ ಒಂದು ಸಲ ತೆಗೆದು ನೋಡಿ. ನಮ್ಮವರು ಸೋತಾಗ ಮಾತ್ರ ನೆನಪಾಗೋ ನ್ಯಾಯಕ್ಕೆ ನ್ಯಾಯ ಅನ್ನೋಕಾಗಲ್ಲ.

2024ರ ಏಪ್ರಿಲ್ 26ಕ್ಕೆ ನಮ್ಮ ಕಡೆ ಲೋಕಸಭೆ ಚುನಾವಣೆ. ಸುಡು ಬಿಸಿಲು. ಮಂಡಿನೋವಿನ ಅಪ್ಪ ಕೊಡೆ ಹಿಡ್ಕೊಂಡು ಹೋಗಿ ಕ್ಯೂನಲ್ಲಿ ನಿಂತು ಬಂದರು. ಸಂಜೆ ಫೋನಿನಲ್ಲಿ ರೇಗಿದೆ. "ಗೆಲ್ಲಲ್ಲ ಅಂತ ಗೊತ್ತಿದ್ದೂ ಯಾಕಪ್ಪ ಇಷ್ಟು ಒದ್ದಾಡ್ತೀಯ?"

"ನಾನು ಪೇಪರ್ ತಿದ್ದುವಾಗ ಉತ್ತರ ತಪ್ಪಾಗಿದ್ರೂ ಸ್ಟೆಪ್ಸ್ ಸರಿ ಇದ್ರೆ ಮಾರ್ಕ್ಸ್ ಕೊಡ್ತಿದ್ದೆ ಕಣೇ" ಅಂದರು. "ಇವರು ಕೊಡಲ್ಲ. ಕೊಡಲ್ಲ ಅಂತ ನಾನು ಸ್ಟೆಪ್ಸ್ ಬರೆಯೋದು ಬಿಡ್ಲಾ?"

ಅದಾಗಿ ಐದಾರು ವಾರಕ್ಕೆ, ಜೂನ್ 3ರಂದು ಬೆಂಗಳೂರು ಪದವೀಧರ ಕ್ಷೇತ್ರದ ಚುನಾವಣೆ ಇತ್ತು. ವಿಧಾನ ಪರಿಷತ್ತಿಗೆ. ನಮ್ಮ ಆಫೀಸಿನಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರೇ ಬೆರಳೆಣಿಕೆಯಷ್ಟು ಜನ, ನಾನು ಅಪ್ಪನ ಕಾಟಕ್ಕೆ ಮಾಡಿಸಿದ್ದೆ. ಬೂತಿನಲ್ಲಿ ಮಶೀನಿಲ್ಲ. ಕಾಗದದ ಬ್ಯಾಲೆಟ್ಟು, ನೇರಳೆ ಬಣ್ಣದ ಸ್ಕೆಚ್ ಪೆನ್ನು. ಅಪ್ಪ ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿ ಬಂದಾಗಲೆಲ್ಲ ಈ ಪೆನ್ನಿನ ವಿಷಯ ಹೇಳ್ತಿದ್ದರು. ಅಲ್ಲಿ ಇರೋದು ಒಂದೇ ಸೀಟು, ಹಾಗಾಗಿ ಪಾಲು ಹಂಚಿಕೆ ಆಗಲ್ಲ. ಆದ್ರೆ ನಮ್ಮ ಮೊದಲ ಆಯ್ಕೆಯವರು ಪೈಪೋಟಿಯಿಂದ ಹೊರಬಿದ್ರೆ ನಮ್ಮ ಓಟು ಎರಡನೆಯವರಿಗೆ ದಾಟುತ್ತೆ.

ಗೆಲ್ಲಲ್ಲ ಅಂತ ಗೊತ್ತಿದ್ದ, ನನಗೆ ನಿಜವಾಗಿ ಇಷ್ಟವಾದ ಹೆಸರಿನ ಮುಂದೆ 1 ಬರೆದೆ. ಇನ್ನೊಂದರ ಮುಂದೆ 2. ಮತ್ತೊಂದರ ಮುಂದೆ 3. ಸುಳ್ಳು ಹೇಳದೆ ಓಟು ಹಾಕಿದ್ದು ಅದೇ ಮೊದಲು. ಹೊರಗೆ ಬಂದಾಗ ನೆನಪಾಯ್ತು, ಈ ಪೆನ್ನು ಸಿಗೋದು ಡಿಗ್ರಿ ಆದವರಿಗೆ, ಮೇಷ್ಟ್ರುಗಳಿಗೆ, ಶಾಸಕರಿಗೆ, ಹೀಗೆ ಕೆಲವರಿಗೆ ಮಾತ್ರ. ನಮ್ಮ ಮನೆಗೆ ಬರೋ ಅಕ್ಕನಿಗೆ ಸಿಗಲ್ಲ. ಬಿ ಬ್ಲಾಕಿನಲ್ಲಿ ನೀರಿಲ್ಲ ಅನ್ನೋದನ್ನ ನಮ್ಮ ಇಡೀ ಕಮಿಟಿಗಿಂತ ಮೊದಲು ತಿಳ್ಕೊಂಡಿದ್ದವಳು ಅವಳು.